ಕೂಗದೆ ಬಿಟ್ಟ ಹೆಸರು

ಪ್ರೀತಿಯ ಕೆಜಾಯಾ,

ನಿನ್ನ ಮೊಮ್ಮಗನ ಮೊಮ್ಮಗಳು ನೋರೀನ್ ಬರೆಯುತ್ತಿದ್ದೇನೆ. ಅಜ್ಜಿ ಎಂದು ಶುರು ಮಾಡಲು ನೋಡಿದೆ, ಕೈ ಬರಲಿಲ್ಲ. ನೀನು ಹೋದಾಗ ನಿನಗೆ ಇಪ್ಪತ್ತಮೂರು. ನನ್ನ ಮಗಳು ಕೋರಾಳಿಗೆ ಈಗ ಅದೇ ವಯಸ್ಸು. ನನಗೆ ಐವತ್ತು ಹತ್ತಿರ ಬಂತು. ಮಗಳ ವಯಸ್ಸಿನವಳನ್ನು ಯಾವ ಬಾಯಿಂದ ಅಜ್ಜಿ ಎನ್ನಲಿ? ಹೆಸರು ಹಿಡಿದೇ ಕರೆಯುತ್ತೇನೆ.

ನಿನ್ನ ಹೆಸರು ಇಲ್ಲಿ ಬಳಕೆಯಲ್ಲಿಲ್ಲ ಅಂತಲ್ಲ. ಮನೆಯಿಂದ ಹೊರಟವರು ಮರೆತ ಬೀಗದ ಕೈಗೋ ಫೋನಿಗೋ ವಾಪಸ್ಸು ಓಡಿದರೆ, ಪಿಕಪ್‌ನಲ್ಲಿ ಕೂತವರು "ನೋಡ್ರಪ್ಪಾ, ಕೆಜಾಯಾ ಹೊರಟಳು" ಎಂದು ನಗುತ್ತಾರೆ. ಹುಡುಗಿಯರು ಅಂಗಡಿಯಲ್ಲಿ ಯಾವುದಾದರೂ ಚಂದದ ವಸ್ತುವಿನ ಮುಂದೆ ನಿಂತುಬಿಟ್ಟರೆ, "ಗಡಿಯಾರಕ್ಕೆ ಹೋಗಬೇಡ ಕಣೇ" ಎಂದು ತಾಯಂದಿರು ಗದರುತ್ತಾರೆ. ನಾನೂ ಕೋರಾಳಿಗೆ ಹಾಗೆ ಗದರಿದ್ದೇನೆ. ನೀನು ನಮಗೆ ಒಂದು ಗಾದೆ. ಗಾದೆಗೆ ಮುಖ ಇರುವುದಿಲ್ಲ, ಕೂಸು ಇರುವುದಿಲ್ಲ.

ನಿನಗಿತ್ತು. ಆ ಕೂಸು ರೂಫಸ್ ನನ್ನ ಮುತ್ತಜ್ಜ.

ನಿನ್ನ ಬಗ್ಗೆ ಊರು ಹೇಳುವ ಕಥೆಯನ್ನು ಒಮ್ಮೆ ನಿನಗೇ ಹೇಳಿಬಿಡುತ್ತೇನೆ. ನಿನ್ನ ಬೆನ್ನ ಹಿಂದೆ ಏನು ಹೇಳುತ್ತಾ ಬಂದಿದ್ದೇವೆ ಎಂದು ನಿನಗೆ ತಿಳಿಯಬೇಡವೇ? ಸಾವಿರದ ಎಂಟುನೂರ ಎಪ್ಪತ್ತಮೂರು, ಅಕ್ಟೋಬರ್. ಈ ಚಕಮಕಿ ಕಲ್ಲಿನ ಗುಡ್ಡಗಳ ನಡುವೆ, ತೊರೆಯ ದಂಡೆಯಲ್ಲಿ ಐದು ಸಂಸಾರ. ಹುಲ್ಲು ಆಳೆತ್ತರ ಒಣಗಿ ನಿಂತಿತ್ತು. ಪಡುವಣದಿಂದ ಬೆಂಕಿ ಎದ್ದು ಗಾಳಿಯ ಬೆನ್ನೇರಿ ಬಂತು. ನಿನ್ನ ಗಂಡ ಸೈಲಸ್‌ನ ಅಣ್ಣ ಆಮಸ್ ಪ್ರಾಥರ್ ಓಡಲಿಲ್ಲ. ಬರುವ ಬೆಂಕಿಗೆ ಎದುರಾಗಿ ತಾನೇ ಒಂದು ಬೆಂಕಿ ಹಚ್ಚಿದ. ಅದು ಸುಟ್ಟ ನೆಲದ ಮೇಲೆ ಎಲ್ಲರನ್ನೂ ನಿಲ್ಲಿಸಿದ. ಒಮ್ಮೆ ಸುಟ್ಟ ನೆಲ ಮತ್ತೆ ಸುಡುವುದಿಲ್ಲ. ದೊಡ್ಡ ಬೆಂಕಿ ಎರಡು ಪಕ್ಕದಲ್ಲಿ ಹರಿದು ಹೋಯಿತು, ಗುಡಿಸಲುಗಳೆಲ್ಲ ಬೂದಿಯಾದವು, ಜನ ಉಳಿದರು, ಊರಿಗೆ ಆಮಸ್‌ನ ಹೆಸರು ಬಂತು. ಸತ್ತವಳು ನೀನೊಬ್ಬಳೇ. ತವರಿನವರು ಒಹಾಯೋದಿಂದ ಕೊಟ್ಟು ಕಳಿಸಿದ್ದ ಗೋಡೆ ಗಡಿಯಾರದ ಆಸೆಗೆ, ಕಂಕುಳ ಕೂಸನ್ನು ಬೇರೆಯವರ ಕೈಗೆ ಕೊಟ್ಟು, ಆ ಸುಟ್ಟ ಕರಿನೆಲ ಬಿಟ್ಟು ಗುಡಿಸಲಿಗೆ ಓಡಿದೆಯಂತೆ. ಮಾರನೆಯ ದಿನ ತೊರೆಯ ಹತ್ತಿರ ಸಿಕ್ಕೆಯಂತೆ. ಅಲ್ಲೇ ಹೂಳಿದರು. ಚರ್ಚಿನ ಅಂಗಳಕ್ಕೂ ನಿನ್ನನ್ನು ತರಲಿಲ್ಲ.

ಆಮಸ್‌ಗೆ ಆ ಎದುರು ಬೆಂಕಿಯ ವಿದ್ಯೆ ಎಲ್ಲಿಂದ ಬಂತೆಂದು ಕಥೆ ಹೇಳುವುದಿಲ್ಲ. ಇಲ್ಲಿ ನಮಗಿಂತ ಮೊದಲು ಗುಡ್ಡ ಸುಡುತ್ತಿದ್ದವರು ಈ ನೆಲದ ಮೂಲನಿವಾಸಿಗಳಾದ ಕಾ ಜನ. ಅದೇ ವರ್ಷ ಅವರನ್ನು ಗಾಡಿ ಕಟ್ಟಿಸಿ ದಕ್ಷಿಣಕ್ಕೆ ಅಟ್ಟಿದ್ದರು. ನೀನು ಅವರು ಹೋಗುವುದನ್ನು ನೋಡಿರಬೇಕು.

ಈಗಲೂ ನಾವು ಪ್ರತಿ ಏಪ್ರಿಲ್‌ನಲ್ಲಿ ಗುಡ್ಡ ಸುಡುತ್ತೇವೆ. ಹಳೇ ಹುಲ್ಲು ಹೋದರೆ ಹೊಸದು ಬರುತ್ತದೆ, ಹೊಸದು ಬಂದರೆ ದನ ಮೈದುಂಬುತ್ತದೆ. ಸುಡುವ ಮೊದಲು ಊರಿನ ಮೇಲಿನ ದಿಬ್ಬದಲ್ಲಿ ಒಂದು ಸಣ್ಣ ಪಟ್ಟಿ ಸುಟ್ಟು, ಅದರ ಮೇಲೆ ಎಲ್ಲರೂ ನಿಲ್ಲುತ್ತೇವೆ. ಹಿರಿಯರೊಬ್ಬರು ಒಬ್ಬೊಬ್ಬರ ಹೆಸರು ಕೂಗುತ್ತಾರೆ. "ಕರೀ ಮೇಲಿದ್ದೀನಿ" ಎಂದು ನಾವು ಓಗೊಡಬೇಕು. ಇದು ಆ ಬೆಂಕಿಯ ದಿನವೇ ಆಮಸ್ ಹಾಕಿಕೊಟ್ಟ ನಿಯಮ ಎನ್ನುತ್ತಾರೆ: ಕೂಗಿದ ಹೆಸರಿಗೆ ಉತ್ತರ ಬಾರದಿದ್ದರೆ ಬೆಂಕಿ ಹಚ್ಚುವ ಹಾಗಿಲ್ಲ, ಮೊದಲು ಆ ಮನುಷ್ಯನನ್ನು ಹುಡುಕಬೇಕು. ಗಾಳಿ ತಿರುಗಿ ಎದುರು ಬೆಂಕಿ ಹಚ್ಚಬೇಕಾಗಿ ಬಂದರೆ ಆಗಲೂ ಮೊದಲು ಹೆಸರು, ಆಮೇಲೆ ಬೆಂಕಿ. ನನ್ನ ಚಿಕ್ಕಪ್ಪ ಡೆಲ್ಮರ್ ಎಷ್ಟೋ ವರ್ಷದಿಂದ ಹೆಸರು ಕೂಗುವವನು. ಎಂಬತ್ತರ ಹತ್ತಿರ, ಒಂದು ಮಂಡಿ ಕೆಟ್ಟಿದೆ, ಗಂಟಲು ಮಾತ್ರ ಗಂಟೆಯ ಹಾಗೆ.

ಹೋದ ಶನಿವಾರ ಗಾಳಿ ಊರ ಕಡೆಯಿಂದ ಪಡುವಣಕ್ಕೆ ನಿಧಾನ ಬೀಸುತ್ತಿತ್ತು. ಸುಡಲು ಹೇಳಿ ಮಾಡಿಸಿದ ದಿನ. ಡೆಲ್ಮರ್ ಚಿಕ್ಕಪ್ಪ ಹೆಸರು ಕೂಗಿದ, ಎಲ್ಲರೂ ಓಗೊಟ್ಟೆವು. ನೆರೆಯ ವಿಲ್ಮಾ ಸ್ಟಕಿ ತನ್ನ ಸರದಿಗೆ "ಕರೀ ಮೇಲಿದ್ದೀನಿ, ಹೊಸ ಬೂಟು ಹಾಳಾಯ್ತು" ಎಂದಳು. "ಬೂಟಿಗೆ ಹೋಗಬೇಡ ವಿಲ್ಮಾ" ಎಂದು ಯಾರೋ ಅಂದರು. ನಕ್ಕೆವು. ನಿನ್ನ ಮೇಲಿನ ನಗೆ ಅದು, ಕೆಜಾಯಾ. ಆಗ ಹಾಗನ್ನಿಸಲಿಲ್ಲ.

ದೂರದ ಅಂಚಿಗೆ ಬೆಂಕಿ ಕೊಟ್ಟಾದ ಮೇಲೆ ವಿಲ್ಮಾಳ ಒಂದು ಹಸು ಬೇಲಿಗೆ ಎದೆ ಕೊಟ್ಟು ಕೂಗಲು ಹಿಡಿಯಿತು. ದನವನ್ನೆಲ್ಲ ಹಿಂದಿನ ದಿನವೇ ಹೊರಗೆ ಅಟ್ಟಿದ್ದೆವು. ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು. ಈದಿದೆ, ಈದ ಕರುವನ್ನು ಒಳಗೆ ಎಲ್ಲೋ ಹುಲ್ಲಲ್ಲಿ ಬಚ್ಚಿಟ್ಟಿದೆ. ಇಲ್ಲಿಯ ಹಸುಗಳ ಗುಣ ಅದು. ಅದನ್ನು ಮೊದಲೇ ನೋಡಬೇಕಿತ್ತು, ಯಾರೂ ನೋಡಿರಲಿಲ್ಲ.

"ಕೋರಾ," ಎಂದ ಡೆಲ್ಮರ್ ಚಿಕ್ಕಪ್ಪ, "ಕೊರಕಲಿಗೆ ಇಳಿದು ನೋಡು ಮಗಾ. ಅಲ್ಲೇ ಇರತ್ತೆ. ಬೆಂಕಿ ಇನ್ನೂ ದೂರ ಇದೆ."

"ಅಜ್ಜ, ಕರು ಸಿಕ್ಕರೆ ನನಗೇ ಕೊಡಬೇಕು."

"ಅದನ್ನ ವಿಲ್ಮಾನ ಕೇಳು. ಜಿಪುಣಿ, ಬಾಲ ಕೊಟ್ಟಾಳು."

ಕೋರಾ ನಗುತ್ತಲೇ ನಾಲ್ಕು ಗಾಲಿಯ ಬೈಕು ಹತ್ತಿ ಹೋದಳು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಗಾಳಿ ತಿರುಗುವ ಮೊದಲು ಒಂದು ಕ್ಷಣ ಏನೂ ಅಲುಗುವುದಿಲ್ಲ. ಹೊಗೆ ನೆಟ್ಟಗೆ ಮೇಲೇಳುತ್ತದೆ. ನಿನಗೆ ಗೊತ್ತು ಅದು. ವಿಲ್ಮಾ ತಲೆಯೆತ್ತಿ ಹೊಗೆ ನೋಡಿದಳು. ಆಮೇಲೆ ನನ್ನ ಟೋಪಿ ಹಿಂದಕ್ಕೆ ಹಾರಿತು. ಪಡುವಣದಲ್ಲಿ ಮಂದವಾಗಿ ತೆವಳುತ್ತಿದ್ದ ಬೆಂಕಿ ತಲೆಯೆತ್ತಿ ನಮ್ಮ ಕಡೆ ತಿರುಗಿತು. ಅದರ ಸದ್ದು ಗೂಡ್ಸ್ ರೈಲಿನ ಹಾಗಿತ್ತು. ನೀನು ಅದನ್ನು ಏನಕ್ಕೆ ಹೋಲಿಸುತ್ತಿದ್ದೆಯೋ.

ನಾವು ನಿಂತ ಕರಿಪಟ್ಟಿ ಕಿರಿದು. ಅದನ್ನು ಬೆಂಕಿ ಹಾರಿದರೆ ಹಿಂದೆ ಒಣ ಹುಲ್ಲು, ಹುಲ್ಲಿನ ಹಿಂದೆ ಊರು, ಚರ್ಚು, ಆ ಹೊತ್ತಿಗೆ ಊಟಕ್ಕೆ ಕಾದು ಕೂತಿದ್ದ ಮಕ್ಕಳು ಮುದುಕರು. ಪಟ್ಟಿಯನ್ನು ಅಗಲ ಮಾಡಬೇಕೆಂದರೆ ಅದರ ಪಡುವಣ ಅಂಚಿಗೆ ಎದುರು ಬೆಂಕಿ ಹಚ್ಚಬೇಕು. ಆ ಅಂಚಿನ ಕೆಳಗೇ ಕೊರಕಲು. ಅದರಲ್ಲಿ ಕೋರಾ.

ವಾಕಿಟಾಕಿಯಲ್ಲಿ ಕರೆದೆ. ಬರೀ ಕರಕರ ಸದ್ದು. ಹೊಗೆ ಕೊರಕಲನ್ನು ತುಂಬಿ ಮೇಲಕ್ಕೆ ಉಕ್ಕುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಅಂಚಿನುದ್ದಕ್ಕೂ ಇದ್ದವರೆಲ್ಲ ಓಡಿ ಬಂದು ಕರಿಯ ಮೇಲೆ ನಿಂತರು. ಡೆಲ್ಮರ್ ಚಿಕ್ಕಪ್ಪ ಟೋಪಿ ಕಳಚಿ ಹೆಸರು ಕೂಗಲು ಶುರು ಮಾಡಿದ. ನಾವು ನಿಲ್ಲುವ ಸಾಲು ಯಾವಾಗಲೂ ಒಂದೇ, ಮನೆಯ ಪ್ರಕಾರ. ವಿಲ್ಮಾ. ಕರೀ ಮೇಲಿದ್ದೀನಿ. ಅವಳ ಗಂಡ. ಇದ್ದೀನಿ. ನೋರೀನ್.

"ಇದ್ದೀನಿ" ಎಂದೆ.

ನನ್ನ ನಂತರ ಕೋರಾ. ಅವಳು ನಿಲ್ಲಲು ಕಲಿತಾಗಿನಿಂದ ನನ್ನ ನಂತರ ಕೋರಾ.

ಡೆಲ್ಮರ್ ಚಿಕ್ಕಪ್ಪ ಉಸಿರು ತೆಗೆದುಕೊಂಡ. ಮುಂದಿನ ಮನೆಯ ಹೆಸರು ಕೂಗಿದ.

ನನ್ನ ಪಕ್ಕದ ಜಾಗ ಖಾಲಿ ಇತ್ತು. ಎಲ್ಲರೂ ಕೇಳಿಸಿಕೊಂಡರು. ಯಾರೂ ತಲೆ ಎತ್ತಲಿಲ್ಲ. ಕೂಗಿದ ಹೆಸರಿಗೆ ಉತ್ತರ ಬಾರದಿದ್ದರೆ ಹಚ್ಚುವ ಹಾಗಿಲ್ಲ. ಹಚ್ಚಲೇಬೇಕಿತ್ತು. ಅದಕ್ಕೆ ಹೆಸರು ಕೂಗಲಿಲ್ಲ. ಇಷ್ಟು ಸುಲಭ. ನಿಯಮವನ್ನು ಮುರಿಯದೆಯೇ ಮುರಿಯುವ ದಾರಿ ಅದರೊಳಗೇ ಇತ್ತು. ನಿಯಮ ಮಾಡಿದವನಿಗೂ ಆ ದಾರಿ ಗೊತ್ತಿತ್ತೆಂದು ಆ ಕ್ಷಣ ನನಗೆ ಹೊಳೆಯಿತು. ಹೊಗೆಯಲ್ಲಿ ನಿಂತು ನಾನು ಮೊದಲ ಸಲ ನಿನ್ನನ್ನು ಮನುಷ್ಯಳಾಗಿ ಯೋಚಿಸಿದೆ. ನಿನ್ನ ಆ ದಿನವೂ ಸೈಲಸ್‌ನ ಹೆಸರು ಆಯಿತು. ಅವನ ನಂತರ ಯಾರ ಹೆಸರು ಬರಬೇಕಿತ್ತು?

"ಹಚ್ಚು ನೋರೀನ್," ಎಂದ ಡೆಲ್ಮರ್ ಚಿಕ್ಕಪ್ಪ. ದೀವಟಿಗೆ ನನ್ನ ಕೈಲಿತ್ತು, ಎಣ್ಣೆ ತೊಟ್ಟಿಕ್ಕುವ ಆ ಕಬ್ಬಿಣದ ಡಬ್ಬಿ. ಆ ಅಂಚು ನನ್ನ ಪಾಲಿನದು.

"ಕೋರಾ ಹೆಸರು ಕೂಗಲಿಲ್ಲ ನೀನು."

"ಹಚ್ಚು ತಾಯಿ. ಬೇರೆಯವರ ಮಕ್ಕಳೂ ಇದ್ದಾರೆ ಕೆಳಗೆ."

ಅವನು ಹೇಳಿದ್ದು ಸುಳ್ಳಲ್ಲ. ಅದೇ ಅತ್ಯಂತ ಕಷ್ಟದ್ದು. ನಾನು ಹಚ್ಚಿದೆ, ಕೆಜಾಯಾ. ಬಗ್ಗಿ, ದೀವಟಿಗೆಯ ಮೂತಿಯನ್ನು ಹುಲ್ಲಿಗೆ ಒರಗಿಸಿ, ಅಂಚಿನುದ್ದಕ್ಕೂ ಎಳೆದುಕೊಂಡು ನಡೆದೆ. ಆದರೆ ಬಾಯಿ ಸುಮ್ಮನಿರಲಿಲ್ಲ. ಕೋರಾ ಎಂದು ಕೂಗಿದೆ. ಹಚ್ಚುತ್ತ ಕೂಗಿದೆ, ಕೂಗುತ್ತ ಹಚ್ಚಿದೆ. ಹಿಂದಿನಿಂದ ಚಿಕ್ಕಪ್ಪ "ಕೂಗಬೇಡ, ಹೊಗೆ ಕುಡೀತೀಯ" ಎಂದು ಅರಚಿದ. ಅವನು ಹೆದರಿದ್ದು ಹೊಗೆಗಲ್ಲ. ಕೂಗಿದ ಹೆಸರು ಲೆಕ್ಕಕ್ಕೆ ಬಂದುಬಿಡುತ್ತದೆ.

ನಾಲ್ಕು ಸಾಲು ಕವಿತೆ ಹೇಳಿಕೊಂಡರೆ ಯಾವ ಹೆದರಿಕೆಯೂ ಇಳಿಯುತ್ತದೆ ಎಂದು ಕಾಲೇಜಿನಲ್ಲಿ ನಾನು ಪಾಠ ಹೇಳುವ ಹುಡುಗರಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಆ ಹೊತ್ತು ನನಗೆ ಗೊತ್ತಿದ್ದ ಪದ ಒಂದೇ.

ಅಂಚಿನ ಕೊನೆ ಮುಟ್ಟಿ ತಿರುಗಿದೆ. ನನ್ನ ಬೆಂಕಿ ಗಾಳಿಗೆ ಎದುರಾಗಿ ಮೆಲ್ಲಗೆ ಇಳಿಜಾರಿನಲ್ಲಿ ಇಳಿಯುತ್ತಿತ್ತು. ಆಚೆಯದು ಮನೆಯೆತ್ತರ. ಎರಡರ ನಡುವೆ ಹೊಗೆ. ಆಗ ನನ್ನ ಬೆನ್ನ ಹಿಂದೆ ವಿಲ್ಮಾ ಗಂಡನಿಗೆ ಹೇಳುತ್ತಿದ್ದದ್ದು ಕೇಳಿತು. ಒಳ್ಳೆಯ ಹೆಂಗಸು ವಿಲ್ಮಾ, ಅಳುತ್ತಿದ್ದಳು. "ಒಂದು ಕರುಗೋಸ್ಕರ ಹೋಗಿಬಿಟ್ಟಳಲ್ಲಾ, ಹುಚ್ಚು ಹುಡುಗಿ. ಮೊದಲಿಂದಾನೂ ಹಾಗೇ ಅವಳು, ಹೇಳಿದ ಮಾತು ಕೇಳೋಳಲ್ಲ."

ಕೋರಾ ಹೋಗಿರಲಿಲ್ಲ, ಅವಳನ್ನು ಕಳಿಸಿದ್ದರು. ನಾವೆಲ್ಲ ಅಲ್ಲೇ ನಿಂತು ಕೇಳಿಸಿಕೊಂಡಿದ್ದೆವು, ಜಿಪುಣತನದ ಮಾತಿಗೆ ವಿಲ್ಮಾ ಕೂಡ ನಕ್ಕಿದ್ದಳು. ಬೆಂಕಿ ಇನ್ನೂ ಆರಿರಲಿಲ್ಲ, ಆಗಲೇ ಅವಳು ತಾನಾಗಿ ಹೋದವಳಾಗಿದ್ದಳು. ವಿಲ್ಮಾ ಸುಳ್ಳು ಹೇಳುತ್ತಿರಲಿಲ್ಲ, ನಂಬಿಕೊಂಡೇ ಹೇಳುತ್ತಿದ್ದಳು. ಕರಿಯ ಮೇಲೆ ನಿಂತವರಿಗೆ ಉಳಿದ ಬದುಕನ್ನೂ ಬದುಕಬೇಕಲ್ಲ. ನಾಳೆಯೇ ಒಂದು ಗಾದೆಯೂ ಹುಟ್ಟೀತು: ಕರುವಿಗೆ ಹೋಗಬೇಡ ಕಣೇ.

ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದೆ.

ನನ್ನ ಎಡಗಡೆ, ಸುಣ್ಣಕಲ್ಲಿನ ಪದರ ನೆಲದಿಂದ ಮೇಲೆದ್ದು ಹುಲ್ಲು ತೆಳುವಾಗಿರುವ ಕಡೆ, ಹೊಗೆಯೊಳಗಿಂದ ಕೋಟು ತಲೆಗೆ ಹೊದ್ದ ಒಂದು ಆಕಾರ ಬಂತು. ನಾನು ಹಚ್ಚಿದ ಬೆಂಕಿಯ ಮುಂದೆ ಒಂದು ಕ್ಷಣ ನಿಂತಿತು. ಅಲ್ಲಿ ಬೆಂಕಿ ಮೊಣಕಾಲೆತ್ತರ ಇತ್ತು. ಆಮೇಲೆ ಬೆಂಕಿಗೆ ಮುಖ ಕೊಟ್ಟು ಒಂದೇ ನೆಗೆತಕ್ಕೆ ದಾಟಿತು. ಕರಿನೆಲದ ಮೇಲೆ ಮಂಡಿಯೂರಿ ಕೆಮ್ಮಿ ಕೆಮ್ಮಿ, ಕೊನೆಗೆ ಉಸಿರು ಸಿಕ್ಕಾಗ, "ಕರೀ ಮೇಲಿದ್ದೀನಿ" ಎಂದಿತು. ಸಾಲಿನಲ್ಲಿ ಅವಳ ಹೆಸರು ಯಾರೂ ಕೂಗಿರಲಿಲ್ಲ.

ಹುಬ್ಬು ಸುಟ್ಟಿತ್ತು, ಬಲಗೈ ಬೊಬ್ಬೆ ಎದ್ದಿತ್ತು. ಕರು ಸಿಕ್ಕಿತ್ತಂತೆ, ಎತ್ತಿಕೊಂಡೂ ಇದ್ದಳಂತೆ. ವಾಕಿಟಾಕಿ ಬೈಕಿನ ಮೇಲೇ ಉಳಿಯಿತು. ಕರುವನ್ನು ಹೊತ್ತು ಬೆಂಕಿ ದಾಟಲಾಗದೆ ಕೆಳಗಿಟ್ಟಳು. ಆ ಹಸು ಸಂಜೆಯವರೆಗೂ ಬೇಲಿ ಬಿಟ್ಟು ಕದಲಲಿಲ್ಲ.

ಪಿಕಪ್‌ನಲ್ಲಿ ಕೈಗೆ ನೀರು ಹುಯ್ಯುವಾಗ ಅವಳು ಹೇಳಿದಳು: "ಅಮ್ಮ, ನೀನು ಹಚ್ಚಿದ್ದು ಸರಿ. ನೀನು ಹಚ್ಚದಿದ್ರೆ ನಿಲ್ಲೋದಕ್ಕೆ ನನಗೆ ಜಾಗಾನೇ ಇರ್ತಿರಲಿಲ್ಲ. ಆದರೆ ಎತ್ತ ಹೋಗಬೇಕು ಅಂತ ಗೊತ್ತಾಗ್ತಿರಲಿಲ್ಲ. ಹೆಸರು ಕೂಗೋದು ಕೇಳ್ತಿತ್ತು, ಎಲ್ಲರದ್ದೂ. ನನ್ನದಕ್ಕೆ ಕಾಯ್ತಿದ್ದೆ. ನನ್ನದು ಬರಲಿಲ್ಲ. ನಾನು ಸತ್ತಿದ್ದೀನಿ ಅಂತ ನನಗೇ ಅನ್ನಿಸಿಬಿಡ್ತು. ಅಲ್ಲೇ ಕೂತುಬಿಡೋಣ ಅನ್ನಿಸ್ತು. ಆಮೇಲೆ ನಿನ್ನ ದನಿ ಕೇಳಿತು. ದನಿ ಹಿಡಿದು ಬಂದೆ."

ಕೆಜಾಯಾ, ನೀನೂ ಕೇಳಿಸಿಕೊಂಡೆಯಾ? ಸೈಲಸ್‌ನ ಹೆಸರಿನ ನಂತರ ನಿನ್ನದಕ್ಕೆ ಕಾದೆಯಾ? ಹೊಗೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆ?

ಅವತ್ತು ಸಂಜೆ ಚರ್ಚಿನ ಹಾಲ್‌ನಲ್ಲಿ ಊಟ. ಸುಡುವ ದಿನದ ಊಟ ಬದಲಾಗುವುದಿಲ್ಲ: ಬೀನ್ಸ್ ಹಾಕಿದ ಖಾರದ ಮಾಂಸದ ಸಾರು, ಜೊತೆಗೆ ದಾಲ್ಚಿನ್ನಿಯ ಸಿಹಿ ಬನ್ನು. ಪಿಯಾನೋ ಪಕ್ಕದ ಗೋಡೆಯಲ್ಲಿ ನಿನ್ನ ಗಡಿಯಾರ. ಪಕ್ಕದ ಜಿಲ್ಲೆಯಿಂದ ಅಗ್ನಿಶಾಮಕ ಗಾಡಿ ತಂದಿದ್ದ ಇಬ್ಬರು ಹುಡುಗರಿಗೆ ಡೆಲ್ಮರ್ ಚಿಕ್ಕಪ್ಪ ಕಥೆ ಹೇಳುತ್ತಿದ್ದ. ಮೊದಲು ನಿನ್ನದು. ಆಮೇಲೆ ಅವತ್ತಿನದು. "ನಮ್ಮ ಮನೆ ಹೆಣ್ಣುಮಕ್ಕಳೇ ಹಾಗೆ. ಅವಳು ಗಡಿಯಾರಕ್ಕೆ ಹೋದಳು, ಇವಳು ಕರುವಿಗೆ ಹೋದಳು. ಪುಣ್ಯಕ್ಕೆ ಇವಳಿಗೆ ಕಾಲು ಚುರುಕು." ಹುಡುಗರು ನಕ್ಕರು.

ಕೋರಾ ಚಮಚ ಕೆಳಗಿಟ್ಟಳು. "ನಾನು ಹೋಗಲಿಲ್ಲ ಅಜ್ಜ. ನೀವು ಕಳಿಸಿದ್ರಿ."

ವಿಲ್ಮಾ ಬನ್ನಿನ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಚಿಕ್ಕಪ್ಪನ ಮುಖದಲ್ಲಿ ಮೊದಲು ಸಿಟ್ಟು ಬಂತು, ನಾನು ನೋಡಿದೆ. ಅವಳ ಹುಬ್ಬಿಲ್ಲದ ಮುಖ ನೋಡಿ ಅದು ಇಳಿಯಿತು. ಅವನು, "ಹೌದು. ಕಳಿಸಿದ್ದು ನಾನು," ಎಂದ. "ಹೆಸರು ಕೂಗದೆ ಬಿಟ್ಟಿದ್ದೂ ನಾನೇ. ಕೂಗಿದ್ರೆ ಹಚ್ಚೋಕೆ ನಿಮ್ಮಮ್ಮನ ಕೈ ಏಳ್ತಿರಲಿಲ್ಲ."

ನಾನು ಎದ್ದು ಹೋಗಿ ಗಡಿಯಾರವನ್ನು ಮೊಳೆಯಿಂದ ಇಳಿಸಿದೆ. ತಂದು ಅವನ ಮುಂದೆ, ಸಾರಿನ ಬಟ್ಟಲುಗಳ ನಡುವೆ ಇಟ್ಟೆ. ಹುಟ್ಟಿದಾಗಿನಿಂದ ನೋಡಿದ ವಸ್ತು. ಅಕ್ರೋಟ್ ಮರದ ಪೆಟ್ಟಿಗೆ, ಜೇನಿನ ಬಣ್ಣ, ಗಾಜಿನ ಬಾಗಿಲಿನ ಮೇಲೆ ಬಿಡಿಸಿದ ನೀಲಿ ಹೂವು.

"ಚಿಕ್ಕಪ್ಪ, ಇದರಲ್ಲಿ ಎಲ್ಲಾದರೂ ಒಂದು ಸುಟ್ಟ ಕಲೆ ತೋರಿಸು."

ಅವನು ನೋಡಲಿಲ್ಲ. ವಿಲ್ಮಾ ಮೆಲ್ಲಗೆ, "ಅದನ್ನ ದೇವರು ಕಾಪಾಡಿದ ಅಂತಾರಲ್ಲ," ಎಂದಳು.

"ಕಟ್ಟಿಗೆನ ಕಾಪಾಡಿ, ತಾಯಿನ ಬಿಟ್ಟನಾ ವಿಲ್ಮಾ?"

ಆ ಗಡಿಯಾರ ಬೆಂಕಿ ಕಂಡದ್ದಲ್ಲ. ಎಲ್ಲರ ಜೊತೆ, ಗಾಡಿಯಲ್ಲಿ, ಮೊದಲಿನಿಂದಲೂ ಕರಿನೆಲದ ಮೇಲಿತ್ತು. ನಾವು ನೂರೈವತ್ತು ವರ್ಷ ಅದರ ಕೆಳಗೆ ಕೂತು ಸಾರು ಕುಡಿದು, ನಿನ್ನನ್ನು ಅದರ ಹಿಂದೆ ಓಡಿಸಿದ್ದೇವೆ. ನಮ್ಮ ಸುಳ್ಳಿನ ಸಾಕ್ಷಿಗೆ ನಾವೇ ವಾರಕ್ಕೊಮ್ಮೆ ಕೀ ಕೊಟ್ಟಿದ್ದೇವೆ.

ಹಾಗಾದರೆ ನೀನು ಎಲ್ಲಿಗೆ ಹೋಗಿದ್ದೆ? ನೀರಿಗೆ ಕಳಿಸಿದರೋ, ಎತ್ತು ಬಿಚ್ಚಲು ಕಳಿಸಿದರೋ, ಇನ್ನೊಬ್ಬರ ಮಗುವನ್ನು ಕರೆತರಲು ಕಳಿಸಿದರೋ? ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಒಂದು ಕಥೆ ಕಿತ್ತು ಅದರ ಜಾಗದಲ್ಲಿ ನನಗೆ ಹಿತವಾದ ಇನ್ನೊಂದನ್ನು ನೆಡಲಾರೆ. ಆಮಸ್‌ನನ್ನು ರಾಕ್ಷಸ ಮಾಡಲೂ ಆರೆ. ಅವನ ದೀವಟಿಗೆಯ ಭಾರ ಈಗ ನನ್ನ ತೋಳಿಗೆ ಗೊತ್ತು. ಹಚ್ಚಿದ್ದಕ್ಕೆ ಅವನ ಮೇಲೆ ನನಗೆ ಸಿಟ್ಟಿಲ್ಲ. ಕೂಗದಿದ್ದಕ್ಕೆ ಇದೆ. ಹಚ್ಚುತ್ತಲೇ ಕೂಗಬಹುದಿತ್ತು. ಕೂಗಿದ್ದರೆ ನೀನು ದನಿ ಹಿಡಿದು ಬರುತ್ತಿದ್ದೆಯೋ ಏನೋ.

ಊಟ ಮುಗಿಯುವಾಗ ಡೆಲ್ಮರ್ ಚಿಕ್ಕಪ್ಪ, ಮುಂದಿನ ವರ್ಷದಿಂದ ಹೆಸರು ಕೂಗುವ ಕೆಲಸ ನನ್ನದು ಎಂದ. "ನನ್ನ ಗಂಟಲು ಮುಗೀತು" ಎಂದ. ಗಂಟಲು ಮುಗಿದಿಲ್ಲ, ಗೊತ್ತು.

"ಹಾಗಾದರೆ ಸೈಲಸ್‌ನ ಹೆಂಡತಿಯಿಂದ ಶುರು ಮಾಡ್ತೀನಿ," ಎಂದೆ.

ಅವನು ನನ್ನನ್ನೇ ನೋಡಿದ. "ಉತ್ತರ ಬರಲ್ಲ ನೋರೀನ್. ಉತ್ತರ ಬಾರದೆ ಹಚ್ಚೋ ಹಾಗಿಲ್ಲ. ಆಗೇನು ಮಾಡ್ತೀಯ?"

"ಅವಳ ಬದಲು ನಾನು ಓಗೊಡ್ತೀನಿ," ಎಂದಳು ಕೋರಾ.

ಬೇಡ ಎಂದೆ. ಇಷ್ಟು ವರ್ಷ ನಿನ್ನ ಬದಲು ನಾವು ಹೇಳಿದ್ದೇ ಸಾಕು. ನಿಯಮಕ್ಕೆ ಇನ್ನೊಂದು ಅರ್ಧ ಇದೆ, ಕೆಜಾಯಾ, ಅದನ್ನು ನಡೆಸುವ ಪ್ರಸಂಗವೇ ಬರದಂತೆ ನಾವು ನೋಡಿಕೊಂಡಿದ್ದೆವು. ಉತ್ತರ ಬಾರದಿದ್ದರೆ ಎಲ್ಲರೂ ಕರಿನೆಲ ಬಿಟ್ಟು ಹುಡುಕಿಕೊಂಡು ಹೋಗಬೇಕು. ಮುಂದಿನ ಏಪ್ರಿಲ್‌ನಲ್ಲಿ ದಿಬ್ಬದ ಮೇಲೆ ನಿಂತು ನಿನ್ನ ಹೆಸರು ಕೂಗುತ್ತೇನೆ. ಕಾಯುತ್ತೇವೆ. ಆಮೇಲೆ ದೀವಟಿಗೆಗಳನ್ನು ಕೆಳಗಿಟ್ಟು, ಇಡೀ ಊರು ಇಳಿಜಾರು ಇಳಿದು, ಕೊರಕಲು ದಾಟಿ, ತೊರೆಯ ದಂಡೆಯಲ್ಲಿ ನೀನಿರುವ ಜಾಗಕ್ಕೆ ಬರುತ್ತೇವೆ. ವಿಲ್ಮಾ ಹಳೇ ಬೂಟು ಹಾಕಿಕೊಂಡು ಬರುತ್ತಾಳಂತೆ. ಚಿಕ್ಕಪ್ಪ, "ನನ್ನ ಮಂಡಿ ಹಿಡಿಯೋರು ಯಾರು?" ಎಂದ. ಕೋರಾ ಎಡಗೈ ಎತ್ತಿದಳು.

ಇವತ್ತು ಒಬ್ಬಳೇ ಬಂದು ನಿನ್ನ ಸಮಾಧಿಯ ಕಲ್ಲಿನ ಪಕ್ಕ ಕೂತು ಇದನ್ನು ಬರೆದೆ. ಸುತ್ತ ಎಲ್ಲ ಕರಿ. ಬಗ್ಗಿ ನೋಡಿದರೆ ಕರಿಯೊಳಗೆ ಸೂಜಿಯಷ್ಟು ಹಸಿರು ಎದ್ದಿದೆ. ನಿನ್ನ ಕೂಸು ಬೆಳೆದ, ಕೆಜಾಯಾ. ಮುದುಕನಾಗಿ ಸತ್ತ. ಅವನನ್ನು ಅವತ್ತು ಯಾರೋ ಎತ್ತಿಕೊಂಡಿದ್ದರು, ಬಿಡಲಿಲ್ಲ. ಅದನ್ನೂ ನಿನಗೆ ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ.

ನೀನೀಗ ಕರಿಯ ಮೇಲಿದ್ದೀಯ. ನಿಶ್ಚಿಂತೆಯಿಂದ ಇರು. ನಾವು ಬರುವವರೆಗೆ ಹುಲ್ಲು ನಿನ್ನ ಮೇಲೆ ಮೆತ್ತಗೆ ಬೆಳೆಯಲಿ.

ನಿನ್ನ ಹೆಸರು ಹಿಡಿದು ಕರೆಯುವ,
ನೋರೀನ್